ಅಳೆದು ಕುಡಿಯುವ ನೀರು

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಯ ಮೇಲೆ ಬೆರಳಿಟ್ಟರೆ ಚರ್ಮದಡಿ ಝುಂಯ್ ಎನ್ನುವ ಕಂಪನ ತಾಗುತ್ತದೆ. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಮಾಡಿದ ಫಿಸ್ಟುಲಾ ಅದು. ರಕ್ತ ರಭಸದಿಂದ ನುಗ್ಗಿ ನುಗ್ಗಿ ನಾಳ ಹಿಗ್ಗುತ್ತದೆ, ವರ್ಷಗಟ್ಟಲೆ ದಪ್ಪ ಸೂಜಿ ತಾಳುತ್ತದೆ. ಆ ಕೈಗೆ ಬಿಪಿ ಪಟ್ಟಿ ಕಟ್ಟುವಂತಿಲ್ಲ, ಅದರಲ್ಲಿ ಭಾರ ಎತ್ತುವಂತಿಲ್ಲ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಬರುವ ಹಿರಿಯರೊಬ್ಬರು ಬೆಳಿಗ್ಗೆ ಎದ್ದವರೇ ಆ ಕೈಯನ್ನು ಕಿವಿಗೆ ಹಿಡಿಯುತ್ತಾರೆ. ಸದ್ದು ಕೇಳಿದ ಮೇಲೆಯೇ ಮುಂದಿನ ಕೆಲಸ.

ಮೂತ್ರಪಿಂಡಗಳೆರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಒಂದೆರಡು ಲೀಟರ್ ಹೊರಗೆ ಬಿಟ್ಟು ಉಳಿದದ್ದನ್ನು ಮೈಗೇ ಮರಳಿಸುತ್ತವೆ. ಅವು ಸೋತಾಗ ಡಯಾಲಿಸಿಸ್ ಯಂತ್ರ ಬೇಕು: ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ನಾಲ್ಕು ಗಂಟೆ. 1943ರಲ್ಲಿ, ಜರ್ಮನ್ ಸೇನೆಯ ವಶದಲ್ಲಿದ್ದ ನೆದರ್ಲೆಂಡ್ಸ್‌ನಲ್ಲಿ, ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು ಮಾಂಸದ ಸಾಸೇಜ್ ತುಂಬುವ ಸೆಲೊಫೇನ್ ಕೊಳವೆಯಿಂದ ಅಂಥದೊಂದನ್ನು ಕಟ್ಟಿದರು. ಆರಂಭದ ರೋಗಿಗಳು ಉಳಿಯಲಿಲ್ಲ. 1945ರಲ್ಲಿ ಒಬ್ಬಾಕೆ ಕಣ್ಣು ತೆರೆದರು.

ನನಗೆ ಅದಕ್ಕಿಂತ ದೊಡ್ಡ ವಿಸ್ಮಯ ಯಂತ್ರದಿಂದ ಎದ್ದು ಬಸ್ಸು ಹತ್ತುವ ಮನುಷ್ಯನದು. ಆಷಾಢದಲ್ಲಿ ಮಂಗಳೂರಿಗೆ ನೀರೋ ನೀರು. ಮಾಡು, ಅಂಗಳ, ರಸ್ತೆ ಎಲ್ಲ ತೊಟ್ಟಿಕ್ಕುತ್ತಿರುವಾಗ ಅವರು ಇಡೀ ದಿನದ ಪಾಲನ್ನು ಬಾಟಲಿಯಲ್ಲಿ ಅಳೆದಿಟ್ಟುಕೊಂಡಿರುತ್ತಾರೆ. ಚಹಾ, ಸಾರು, ಗಂಜಿಯ ತಿಳಿ ಎಲ್ಲವೂ ಆ ಲೆಕ್ಕಕ್ಕೇ. ಹೆಚ್ಚಾದರೆ ಕಾಲು ಊದುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಊರಿಗೆಲ್ಲ ಅಮೃತವಾದ ಎಳನೀರು ಅವರಿಗೆ ಬೇಡ: ಅದರ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಹುದು. ಬಾಯಿ ಒಣಗಿದಾಗ ಒಂದು ಚೂರು ಮಂಜುಗಡ್ಡೆ ಚೀಪುತ್ತಾರೆ. ಮತ್ತೆ ಮೊಮ್ಮಗಳ ಶಾಲೆಯ ವಿಷಯ, ಅಡಿಕೆಯ ರೇಟು ಮಾತಾಡುತ್ತಾರೆ.

ಬಡವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತವಾಗಿರುವುದು ದೊಡ್ಡ ಆಸರೆ. ಆದರೆ ಬಸ್ಸಿನ ಖರ್ಚು, ಜೊತೆಗೆ ಬಂದವರ ಕಳೆದ ಕೂಲಿ, ಮನೆಗೆ ಮರಳಿದ ಮೇಲಿನ ಸುಸ್ತು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಅಲ್ಲಿ ಬೇಕಾದವರು ನಾವು. ನಿಮ್ಮ ಬಂಧುಗಳಲ್ಲಿ ಅಂಥವರಿದ್ದರೆ ಮದುವೆಗೂ ಪೂಜೆಗೂ ದಿನ ಗೊತ್ತುಮಾಡುವ ಮೊದಲು ಅವರ ಡಯಾಲಿಸಿಸ್ ಯಾವ ಯಾವ ದಿನ ಎಂದು ಕೇಳಿ. ಮನೆಗೆ ಬಂದಾಗ "ಒಂದು ಲೋಟ ಶರಬತ್ತು ಕುಡಿದರೆ ಏನೂ ಆಗುವುದಿಲ್ಲ" ಎಂದು ದಯವಿಟ್ಟು ಒತ್ತಾಯಿಸಬೇಡಿ.