ಬೆಳೆಗಾರ ತೇಜಸ್ವಿ

ಪೂರ್ಣಚಂದ್ರ ತೇಜಸ್ವಿಯವರು ತೀರಿಕೊಂಡದ್ದು 2007ರ ಏಪ್ರಿಲ್ 5ರಂದು. ಮಲೆನಾಡಿನ ಕಾಫಿ ಬೆಳೆಗಾರರು ಕಾಫಿಯ ಹೂ ಅರಳಿಸುವ ಹೂಮಳೆಯ ಲೆಕ್ಕ ಹಾಕುತ್ತಾ ಆಕಾಶ ನೋಡುವ ಕಾಲವದು. ಆ ದಿನ ಬಂತೆಂದರೆ ನಾವು ಅವರ ಕಾದಂಬರಿಗಳನ್ನು ನೆನೆಯುತ್ತೇವೆ, ಹಕ್ಕಿಗಳ ಚಿತ್ರಗಳನ್ನು ನೆನೆಯುತ್ತೇವೆ, ಗಾಳ ಹಾಕಿ ಹೊಳೆದಂಡೆಯಲ್ಲಿ ಕೂತ ಮನುಷ್ಯನನ್ನು ನೆನೆಯುತ್ತೇವೆ. ಮೂಡಿಗೆರೆಯ ಬೆಳೆಗಾರನನ್ನು ನೆನೆಯುತ್ತೇವೆಯೇ? ಅವರ ಬದುಕಿನಲ್ಲಿ ತೋಟವೆಂಬುದು ಬರಿಯ ಹಿನ್ನೆಲೆ ಎಂದು ನಾವು ತಿಳಿದಂತಿದೆ. ನನಗೋ, ಉಳಿದುದಕ್ಕೆಲ್ಲ ಅದೇ ಬೇರು ಎನ್ನಿಸುತ್ತದೆ.

ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಕುವೆಂಪು ಅವರ ಮಗನಿಗೆ ನಗರದಲ್ಲೇ ಉಳಿಯಲು ಕಾರಣಗಳೇನು ಕಡಿಮೆ ಇದ್ದವೇ? ಆದರೂ ಅವರು ಮೂಡಿಗೆರೆಗೆ ಹೋದರು. ಮೊದಲು ಚಿತ್ರಕೂಟವೆಂಬ ತೋಟ, ಆಮೇಲೆ ನಿರುತ್ತರವೆಂಬ ತೋಟ. ಕೊನೆಯವರೆಗೂ ಅಲ್ಲೇ ಉಳಿದರು. ಏಕಾಂತ ಅರಸಿ ಹೋದರೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ತೋಟ ಮಾಡುವವನಿಗೆ ಏಕಾಂತವೆಲ್ಲಿಂದ ಬರಬೇಕು? ನೆರಳುಮರಗಳ ಕೊಂಬೆ ಸವರುವ ಮರಗಸಿಗೆ ಆಳು ಸಿಕ್ಕರೆ ಗೊಬ್ಬರವಿಲ್ಲ, ಗೊಬ್ಬರ ಬಂದರೆ ಮಳೆಯಿಲ್ಲ, ಬೆಳೆ ಕೈಗೆ ಬಂದರೆ ಬೆಲೆಯಿಲ್ಲ. ಅವರ ‘ಕರ್ವಾಲೊ’ ಕಾದಂಬರಿಯ ನಿರೂಪಕ ಈ ಜಂಜಾಟಗಳಿಗೆ ಬೇಸತ್ತು ಜಮೀನು ಮಾರುವ ಯೋಚನೆಯಲ್ಲಿರುತ್ತಾನೆ. ಹಾರುವ ಓತಿಯ ಹುಡುಕಾಟಕ್ಕೆ ಸೇರಿಕೊಳ್ಳುವವನು ಆ ದಣಿದ ರೈತನೇ. ಬೇಸರವೂ ಬೆರಗೂ ಒಂದೇ ನೆಲದಲ್ಲಿ ಹುಟ್ಟಬಲ್ಲವೆಂಬುದನ್ನು ಆ ನೆಲದ ಸಾಲ, ಕಳೆ, ಕೂಲಿಯ ಕಷ್ಟ ಉಣ್ಣದವರು ಬರೆಯಲಾದೀತೇ?

ಕಾಫಿ ಗಿಡ ದೂರದಿಂದ ನೋಡಿದರೆ ಗುಟ್ಟು ಬಿಟ್ಟುಕೊಡುವುದಿಲ್ಲ. ಕಾಂಡ ಕೊರೆಯುವ ಬೋರರ್ ಹುಳ ಹೊಕ್ಕಿದೆಯೋ ಇಲ್ಲವೋ ತಿಳಿಯಬೇಕಾದರೆ ಒಂದೊಂದು ಗಿಡದ ಬುಡಕ್ಕೂ ಬಗ್ಗಿ, ಕಾಂಡದ ಮೇಲೆ ಎದ್ದಿರುವ ಸಣ್ಣ ಉಬ್ಬುಗೆರೆಯನ್ನು ಕಣ್ಣಿಂದ, ಬೆರಳಿಂದ ಹುಡುಕಬೇಕು. ನೆರಳು ಎಲ್ಲಿ ಹೆಚ್ಚಾಯಿತು, ಎಲ್ಲಿ ಸಾಲದಾಯಿತು ಎಂದು ಮರದ ನೆತ್ತಿ ನೋಡಬೇಕು. ವರ್ಷಗಟ್ಟಲೆ ಹೀಗೆ ಬುಡವನ್ನೂ ನೆತ್ತಿಯನ್ನೂ ನೋಡಿದ ಕಣ್ಣಿಗೆ ಎಲೆಯ ಮರೆಯ ಹಕ್ಕಿ ಕಾಣದೆ ಇರುತ್ತದೆಯೇ? ಮಿಂಚುಳ್ಳಿಯ ಮುಂದೆ ಗಂಟೆಗಟ್ಟಲೆ ಕಾಯುವ ತಾಳ್ಮೆ ಕ್ಯಾಮೆರಾ ಕೊಟ್ಟದ್ದಲ್ಲ. ಹೂವಿನಿಂದ ಹಣ್ಣಿನವರೆಗೆ ತಿಂಗಳುಗಟ್ಟಲೆ ಕಾಯಿಸುವ ಬೆಳೆ ಕಲಿಸಿದ್ದು ಎಂದೇ ನಾನು ನಂಬಿದ್ದೇನೆ. ಜಪಾನಿನ ರೈತ ಫುಕುವೋಕಾರ ವಿಚಾರಗಳನ್ನು ‘ಸಹಜ ಕೃಷಿ’ಯಲ್ಲಿ ಕನ್ನಡಿಗರ ಮುಂದಿಟ್ಟವರೂ ಅವರೇ. ಬೇಸಾಯ ಅವರಿಗೆ ಹೊಟ್ಟೆಪಾಡಾಗಿದ್ದಂತೆ ಚಿಂತನೆಯೂ ಆಗಿತ್ತು.

ಹಾಗೆಂದು ಅವರನ್ನು ಕಾಡಿನ ಋಷಿಯಂತೆ ಪೂಜಿಸುವುದು ನನಗೆ ಒಗ್ಗುವುದಿಲ್ಲ. ಅವರ ‘ಪರಿಸರದ ಕತೆ’ಯಲ್ಲಿ ಕೋವಿಯಿದೆ, ಶಿಕಾರಿಯಿದೆ, ‘ಕಿವಿ’ ಎಂಬ ನಾಯಿಯ ಜೊತೆಗಿನ ಅಲೆದಾಟವಿದೆ. ಅವನ್ನೆಲ್ಲ ಒರೆಸಿ ಹಾಕಿದರೆ ನಮ್ಮ ಕೈಗೆ ಸಿಗುವ ತೇಜಸ್ವಿ ಯಾರು? ಮೀನು ಹಿಡಿದು ತಿನ್ನುವವನು ಹೊಳೆಯನ್ನು ಪ್ರೀತಿಸುವುದು ಸಾಧ್ಯ. ಹೊಳೆಯಲ್ಲಿ ಮೀನು ಉಳಿಯಬೇಕೆಂಬ ಹಟ, ಹೊಳೆಯನ್ನು ಚಿತ್ರದಲ್ಲಷ್ಟೇ ಕಂಡವರಿಗಿಂತ ಅವನಲ್ಲೇ ಗಟ್ಟಿಯಾಗಿರಲೂಬಹುದು.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅವರು ಯಾರಿಂದ ಕಲಿತರು ಎಂಬುದು. ‘ಕರ್ವಾಲೊ’ದ ವಿಜ್ಞಾನಿ ಜೇನು ಹಿಡಿಯುವ ಮಂದಣ್ಣನನ್ನು ತನಗೆ ಸಮನಾದ ಸಂಶೋಧಕನೆಂದು ಕಾಣುತ್ತಾನೆ. ‘ಪರಿಸರದ ಕತೆ’ಯಲ್ಲಿ ಮಾಸ್ತಿ, ಬೈರರಂಥ ಹಳ್ಳಿಗರಿದ್ದಾರೆ, ಪುಸ್ತಕದಲ್ಲಿಲ್ಲದ ಕಾಡು ಅವರ ಬಳಿಯಿತ್ತು. ತೋಟದ ಯಜಮಾನನಾದವನು ಆಳಿನ ಮುಂದೆ ವಿದ್ಯಾರ್ಥಿಯಾಗಿ ಕೂರುವುದು ಮಲೆನಾಡಿನ ಅಂದಿನ ದಿನಗಳಲ್ಲಿ ಸಣ್ಣ ಮಾತೇ? ಅವರ ಪುಸ್ತಕಗಳಿಗೆ ನಾವು ಸಲ್ಲಿಸುವ ಗೌರವದಲ್ಲಿ ಒಂದು ಪಾಲು ಆ ಅಕ್ಷರ ಕಲಿಯದ ಗುರುಗಳಿಗೆ ಸಲ್ಲಬೇಡವೇ?

ಈಗ ಶನಿವಾರ ಬಂತೆಂದರೆ ಮೂಡಿಗೆರೆ ಕಡೆಯ ಚಾರ್ಮಾಡಿ, ದೇವರಮನೆಯ ದಾರಿಗಳ ತುಂಬ ವಾಹನಗಳು. ಬರುವ ಎಳೆಯರಲ್ಲಿ ಎಷ್ಟೋ ಮಂದಿ ತೇಜಸ್ವಿಯವರನ್ನು ಓದಿಯೇ ಹೊರಟವರು. ಆ ಎಳೆಯರ ಪ್ರೀತಿ ನಿಜವಾದದ್ದು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಆ ದಾರಿಗಳ ಪಕ್ಕದ ತೋಟಗಳಲ್ಲಿ ಕೂಲಿಕಾರರ ಲೈನ್ ಮನೆಗಳಿವೆ. ಜಗುಲಿಯ ಮೇಲೆ ಕೂತ ಮುದುಕರಿಗೆ ಯಾವ ಮರ ಯಾವಾಗ ಹೂಬಿಡುತ್ತದೆ, ಹೊಸ ನೀರು ಬಂದಾಗ ಯಾವ ಮೀನು ಹತ್ತುತ್ತದೆ ಎಂಬುದು ಇನ್ನೂ ಗೊತ್ತು. ಗಾಡಿ ನಿಲ್ಲಿಸಿ, ಇಳಿದು, ಅವರ ಪಕ್ಕ ಕೂತು ಕೇಳುವವರು ಎಷ್ಟು ಮಂದಿ?