ಆಪ್ತವಾಕ್ಯ ಮತ್ತು ಬ್ಲೂಟೂತ್ ಅಡಾಪ್ಟರ್

ಮನೆಯ ಕಂಪ್ಯೂಟರಿಗೆ ಬ್ಲೂಟೂತ್ ಅಡಾಪ್ಟರ್ ಕೊಳ್ಳುವವರು ತಿಳಿಯಬೇಕಾದ ಸಂಗತಿಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವಂಥವಲ್ಲ. ಹೆಬ್ಬೆರಳಿನ ಉಗುರಿನಷ್ಟಿರುವ ಆ ಸಾಧನ 2.4 ಗಿಗಾಹರ್ಟ್ಸ್ ಪಟ್ಟಿಯ ರೇಡಿಯೊ ಅಲೆಗಳಲ್ಲಿ ಕೆಲಸ ಮಾಡುತ್ತದೆ. ಅದರೊಳಗಿರುವ ಚಿಪ್ ಯಾವುದು, ಅದು ಯಾವ ಆವೃತ್ತಿಯದು, ಅಲೆ ಎಷ್ಟು ದೂರ ಹೋಗುತ್ತದೆ ಎಂಬುದು ಹೊರಗಿನಿಂದ ತಿಳಿಯದು. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ನೀರಿದೆಯೇ ಎಂದು ನೋಡಬಹುದು. ಅಡಾಪ್ಟರಿಗೆ ಅಂಥ ಪರೀಕ್ಷೆಯಿಲ್ಲ. ಕೊಳ್ಳುವವರ ಮುಂದೆ ಇರುವುದು ಡಬ್ಬಿಯ ಮೇಲಿನ ಬರಹ, ಅಂಗಡಿಯವರ ಮಾತು, ಮೊದಲು ಬಳಸಿದವರ ಅಭಿಪ್ರಾಯ. ಮೂರೂ ಇನ್ನೊಬ್ಬರ ಮಾತುಗಳೇ. ಹಾಗಾಗಿ ಈ ಸಣ್ಣ ಖರೀದಿಯಲ್ಲಿ ಭಾರತೀಯ ದರ್ಶನಗಳ ಒಂದು ದೊಡ್ಡ ಪ್ರಶ್ನೆ ಅಡಗಿದೆ: ಇನ್ನೊಬ್ಬರ ಮಾತು ಯಾವಾಗ ಜ್ಞಾನವಾಗುತ್ತದೆ?

ಈ ಪ್ರಶ್ನೆಗೆ ದರ್ಶನಗಳು ಕೊಟ್ಟ ಉತ್ತರಗಳು ಬೇರೆಬೇರೆ. ಚಾರ್ವಾಕರು ಪ್ರತ್ಯಕ್ಷವನ್ನು ಮಾತ್ರ ಪ್ರಮಾಣ, ಅಂದರೆ ಸರಿಯಾದ ಅರಿವಿನ ಸಾಧನ, ಎಂದರು. ವೈಶೇಷಿಕರೂ ದಿಙ್ನಾಗನ ಪರಂಪರೆಯ ಬೌದ್ಧರೂ ಮಾತಿನಿಂದ ಬರುವ ಅರಿವನ್ನು ಅನುಮಾನದೊಳಗೆ, ಅಂದರೆ ತರ್ಕದಿಂದ ಮಾಡುವ ಊಹೆಯೊಳಗೆ, ಸೇರಿಸಿದರು. ನ್ಯಾಯದರ್ಶನ ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದಕ್ಕೂ, ಅಂದರೆ ಮಾತಿಗೂ, ಪ್ರತ್ಯೇಕ ಸ್ಥಾನ ಕೊಟ್ಟಿತು. ಆದರೆ ಎಲ್ಲ ಮಾತನ್ನೂ ಅದು ಪ್ರಮಾಣವೆನ್ನಲಿಲ್ಲ. ಆಪ್ತನ ಮಾತು ಮಾತ್ರ ಪ್ರಮಾಣ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ವಿವರಣೆಯಂತೆ, ವಿಷಯವನ್ನು ನೇರವಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತಾಡುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುತ್ತಾನೆ. ಹುಟ್ಟು, ಪದವಿ, ಹೆಸರು ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ.

ಆಪ್ತನ ಎರಡು ಗುಣಗಳು, ಅರಿವು ಮತ್ತು ಪ್ರಾಮಾಣಿಕತೆ, ಅಡಾಪ್ಟರಿನ ವಿಷಯದಲ್ಲಿ ಸಾಮಾನ್ಯವಾಗಿ ಒಂದೇ ಕಡೆ ಸಿಗುವುದಿಲ್ಲ. ಅಂಗಡಿಯವರು ಪ್ರಾಮಾಣಿಕರೇ ಇರಬಹುದು, ಆದರೆ ಡಬ್ಬಿಯೊಳಗಿನ ಚಿಪ್ ಅವರಿಗೂ ಗೊತ್ತಿರುವುದಿಲ್ಲ. ತಯಾರಕರಿಗೆ ಎಲ್ಲವೂ ಗೊತ್ತು, ಆದರೆ ಅವರಿಗೆ ಮಾರಾಟದ ಆಸೆಯಿದೆ. ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಷಿಬಾ ಸೇರಿ 1998ರಲ್ಲಿ ಕಟ್ಟಿದ ಬ್ಲೂಟೂತ್ ಒಕ್ಕೂಟ, ನಿಯಮಕ್ಕೆ ಒಪ್ಪುವ ಉತ್ಪನ್ನಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಇಟ್ಟಿದೆ. ಅದು ಜಾಹೀರಾತಿಗಿಂತ ಮೇಲಿನ ಸಾಕ್ಷಿ. ತಮ್ಮ ಕಂಪ್ಯೂಟರಿನಂಥದೇ ಕಂಪ್ಯೂಟರಿನಲ್ಲಿ, ಅದೇ ಆಪರೇಟಿಂಗ್ ಸಿಸ್ಟಂನಲ್ಲಿ ಅಡಾಪ್ಟರನ್ನು ತಿಂಗಳುಗಟ್ಟಲೆ ಬಳಸಿ, ಸರಿಯಾದದ್ದನ್ನೂ ಕೆಟ್ಟದ್ದನ್ನೂ ಬರೆದಿಟ್ಟ ಅಪರಿಚಿತರೊಬ್ಬರು ವಾತ್ಸ್ಯಾಯನನ ಅಳತೆಯಲ್ಲಿ ನಿಜವಾದ ಆಪ್ತರು.

ಆಪ್ತರು ಸಿಕ್ಕರೂ ಮಾತಿನ ಅರ್ಥ ಸರಿಯಾಗಿ ಆಗಬೇಕು. ಅದಕ್ಕೆ ನೈಯಾಯಿಕರು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ, ತಾತ್ಪರ್ಯಗಳೆಂಬ ನಿಮಿತ್ತಗಳನ್ನು ಹೇಳುತ್ತಾರೆ. ಇವುಗಳಲ್ಲಿ ಕೊಳ್ಳುವವರಿಗೆ ಹೆಚ್ಚು ಬೇಕಾದವು ಯೋಗ್ಯತೆ ಮತ್ತು ತಾತ್ಪರ್ಯ. ಪದಗಳ ಅರ್ಥಗಳು ಒಂದಕ್ಕೊಂದು ಹೊಂದುವುದೇ ಯೋಗ್ಯತೆ. ಬೆಂಕಿಯಿಂದ ನೆನೆಸುವುದೆಂಬ ಮಾತಿಗೆ ಅದಿಲ್ಲ ಎಂಬುದು ತರ್ಕಪಾಠದ ಹಳೆಯ ಉದಾಹರಣೆ. ನೂರು ಮೀಟರ್ ವ್ಯಾಪ್ತಿ ಎಂಬ ಬರಹವನ್ನೂ ಹೀಗೆ ಪರೀಕ್ಷಿಸಬೇಕು. 100 ಮಿಲಿವ್ಯಾಟ್‌ವರೆಗೆ ಶಕ್ತಿಯುಳ್ಳ ಒಂದನೇ ವರ್ಗದ ಸಾಧನ ಬಯಲಿನಲ್ಲಿ ಅಷ್ಟು ದೂರ ಮುಟ್ಟಬಹುದು. ಎರಡನೇ ವರ್ಗದ ಶಕ್ತಿ 2.5 ಮಿಲಿವ್ಯಾಟ್, ವ್ಯಾಪ್ತಿ ಸುಮಾರು 10 ಮೀಟರ್. ಆದರೆ ಕಿವಿಗಿಟ್ಟ ಪುಟ್ಟ ಇಯರ್‌ಬಡ್ ಮರುಮಾತು ಕಳಿಸಲಾಗದಷ್ಟು ದೂರದಲ್ಲಿ ಅಡಾಪ್ಟರಿನ ಶಕ್ತಿಯೊಂದೇ ಉಪಯೋಗಕ್ಕೆ ಬಾರದು. ನಡುವೆ ಗೋಡೆಗಳಿರುವ ಮನೆಗೆ ಆ ನೂರು ಮೀಟರ್ ಹೊಂದುವುದಿಲ್ಲ.

ತಾತ್ಪರ್ಯದ ಉದಾಹರಣೆ ಆವೃತ್ತಿಯ ಸಂಖ್ಯೆ. ಡಬ್ಬಿಯ ಮೇಲೆ 5.3 ಎಂದಿದ್ದರೆ ಹೊಸ ಸೌಲಭ್ಯಗಳೆಲ್ಲ ಇವೆಯೆಂದು ಓದುಗರು ಭಾವಿಸುತ್ತಾರೆ. ಆದರೆ ಬ್ಲೂಟೂತ್ ನಿಯಮಾವಳಿಯಲ್ಲಿ ಅನೇಕ ಸೌಲಭ್ಯಗಳು ಐಚ್ಛಿಕ. 5.2ರ ಕಾಲಕ್ಕೆ ಬಂದ ಎಲ್‌ಇ ಆಡಿಯೊ ಎಂಬ ಧ್ವನಿ ಸೌಲಭ್ಯ 5.3ರ ಅಡಾಪ್ಟರಿನಲ್ಲಿ ಇರಲೇಬೇಕೆಂದಿಲ್ಲ. ಇದ್ದರೂ ಆಪರೇಟಿಂಗ್ ಸಿಸ್ಟಂ ಮತ್ತು ಹೆಡ್‌ಫೋನ್ ಎರಡೂ ಅದನ್ನು ಬಲ್ಲವಾಗಿರಬೇಕು. 4.2ರ ಹೆಡ್‌ಫೋನ್ ಹೊಸ ಅಡಾಪ್ಟರಿನೊಂದಿಗೂ 4.2ರ ಮಟ್ಟದಲ್ಲೇ ಮಾತಾಡುತ್ತದೆ. ಬರೆದದ್ದು ಸುಳ್ಳಲ್ಲ, ಓದಿದವರು ಅದರ ತಾತ್ಪರ್ಯಕ್ಕಿಂತ ಹೆಚ್ಚನ್ನು ಓದಿಕೊಂಡರು ಅಷ್ಟೆ. ಕೀಲಿಮಣೆ, ಮೌಸ್, ಸಾಮಾನ್ಯ ಹೆಡ್‌ಫೋನ್ ಇಷ್ಟಕ್ಕೆ ಬೇಕಾದರೆ 5.0 ಸಾಕು.

ಇನ್ನೂ ಕಠಿಣವಾದ ಸಂದರ್ಭವೊಂದಿದೆ: ಸಾಧನವೇ ತನ್ನ ಬಗ್ಗೆ ಸುಳ್ಳು ಹೇಳುವುದು. ಕೇಂಬ್ರಿಜ್ ಸಿಲಿಕಾನ್ ರೇಡಿಯೊ ಕಂಪನಿಯ ಸಿಎಸ್‌ಆರ್ 8510 ಚಿಪ್ ಬಹಳ ಜನಪ್ರಿಯವಾಯಿತು. ಅದರ ಗುರುತಿನ ಸಂಖ್ಯೆಯನ್ನೇ ಹೇಳಿಕೊಳ್ಳುವ ನಕಲಿ ಚಿಪ್‌ಗಳು ಮಾರುಕಟ್ಟೆಗೆ ಬಂದವು. ಅವುಗಳ ನಡತೆ ಅಸಲಿಯಂತಿಲ್ಲದೆ ಸಂಪರ್ಕ ಕೆಡುತ್ತಿದ್ದುದರಿಂದ ಲಿನಕ್ಸ್ ಕರ್ನಲ್‌ನ ಡ್ರೈವರಿನಲ್ಲಿ ನಕಲಿಗಳನ್ನು ಗುರುತಿಸುವ ಸಾಲುಗಳನ್ನೇ ಬರೆಯಬೇಕಾಯಿತು. ಚಿಪ್ ತನ್ನ ಬಗ್ಗೆ ಹೇಳುವ ಬೇರೆಬೇರೆ ಸಂಖ್ಯೆಗಳು ಅಸಲಿ ಚಿಪ್‌ನಲ್ಲಿರುವಂತೆ ಪರಸ್ಪರ ಹೊಂದುತ್ತವೆಯೇ ಎಂದು ಡ್ರೈವರ್ ನೋಡುತ್ತದೆ. ಸುಳ್ಳುಸಾಕ್ಷಿಯ ಮಾತಿನೊಳಗಿನ ವಿರೋಧದಿಂದಲೇ ಸುಳ್ಳನ್ನು ಊಹಿಸುವ ಈ ಕ್ರಮ ಅಪ್ಪಟ ಅನುಮಾನ.

ಇಲ್ಲಿ ಎರಡನೆಯ ಪ್ರಶ್ನೆ ಏಳುತ್ತದೆ. ಅರಿವಿನ ಸತ್ಯತೆ ಅದರಲ್ಲೇ ಇರುತ್ತದೆಯೇ, ಹೊರಗಿನಿಂದ ಸಿದ್ಧವಾಗಬೇಕೇ? ಮೀಮಾಂಸಕರದು ಸ್ವತಃಪ್ರಾಮಾಣ್ಯ: ಬಾಧಕ ಕಾಣುವವರೆಗೆ ಅರಿವು ಸತ್ಯವೇ. ನೈಯಾಯಿಕರದು ಪರತಃಪ್ರಾಮಾಣ್ಯ: ಅರಿವನ್ನು ನಂಬಿ ಮಾಡಿದ ಕೆಲಸ ಫಲ ಕೊಟ್ಟಾಗ ಅದು ಸತ್ಯವೆಂದು ತಿಳಿಯುತ್ತದೆ. ಉಡುಪಿಯ ಮಧ್ವಾಚಾರ್ಯರ ದ್ವೈತವೂ ಸ್ವತಃಪ್ರಾಮಾಣ್ಯವನ್ನೇ ಒಪ್ಪುತ್ತದೆ. ಸತ್ಯತೆಯನ್ನು ಗ್ರಹಿಸುವುದು ಸಾಕ್ಷಿಯೆಂಬ ಒಳಗಿನ ಅರಿವು, ಸಂದೇಹ ಬಂದಲ್ಲಿ ಅದನ್ನು ಕಳೆಯಲು ಪರೀಕ್ಷೆ ಬೇಕು ಎಂಬುದು ಅದರ ನಿಲುವು. ಅಡಾಪ್ಟರ್ ಕೊಳ್ಳುವವರಿಗೆ ಸಂದೇಹದ ಕಾರಣ ಮೊದಲೇ ಇರುವುದರಿಂದ, ಯಾವ ಮತವನ್ನು ಹಿಡಿದರೂ ಪರೀಕ್ಷೆ ತಪ್ಪುವುದಿಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ವಿವರ ತೆರೆದರೆ ಎಲ್‌ಎಂಪಿ ಎಂಬ ಸಂಖ್ಯೆ ಸಿಗುತ್ತದೆ. 9 ಎಂದರೆ 5.0, 11 ಎಂದರೆ 5.2, 12 ಎಂದರೆ 5.3. ಡಬ್ಬಿ 5.3 ಎಂದು, ಸಂಖ್ಯೆ 6 ಎಂದು ಹೇಳಿದರೆ ಒಳಗಿರುವುದು 4.0. ವಾಪಸ್ ಮಾಡುವ ಅವಧಿಯೊಳಗೇ ಇದನ್ನು ನೋಡಬೇಕು. ಆದರೆ ಸಂಪರ್ಕ ಕಡಿದ ಮಾತ್ರಕ್ಕೆ ಅಡಾಪ್ಟರನ್ನು ದೂರುವುದೂ ಆತುರ. ಕಾರಣವಿದ್ದೂ ಕಾರ್ಯವಾಗದಂತೆ ತಡೆಯುವುದನ್ನು ತರ್ಕಶಾಸ್ತ್ರ ಪ್ರತಿಬಂಧಕವೆನ್ನುತ್ತದೆ. ಯುಎಸ್‌ಬಿ 3.0 ಪೋರ್ಟಿನಿಂದ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕೆಡಿಸುತ್ತದೆಂದು ಇಂಟೆಲ್ 2012ರಲ್ಲೇ ವಿವರಿಸಿತ್ತು. ಅಡಾಪ್ಟರನ್ನು ಯುಎಸ್‌ಬಿ 2.0 ಪೋರ್ಟಿಗೆ ಬದಲಿಸಿದರೆ, ಇಲ್ಲವೇ ಸಣ್ಣ ಎಕ್ಸ್‌ಟೆನ್ಷನ್ ಕೇಬಲ್‌ನಿಂದ ದೂರವಿಟ್ಟರೆ ಎಷ್ಟೋ ಬಾರಿ ತೊಂದರೆ ನಿಲ್ಲುತ್ತದೆ.

ಕಣ್ಣಾರೆ ಕಂಡದ್ದನ್ನಷ್ಟೇ ನಂಬುತ್ತೇನೆನ್ನುವವರು ಯಾವ ಅಡಾಪ್ಟರನ್ನೂ ಕೊಳ್ಳಲಾರರು. ಎಲ್ಲವನ್ನೂ ನಂಬುವವರು ನಕಲಿಯನ್ನು ಕೊಳ್ಳುತ್ತಾರೆ. ನ್ಯಾಯದರ್ಶನದ ದಾರಿ ಇವೆರಡರ ನಡುವಿನದು: ಬಲ್ಲವರನ್ನು ಹುಡುಕಿ ಕೇಳುವುದು, ಮಾತಿನ ತಾತ್ಪರ್ಯ ಅರಿಯುವುದು, ಬಳಸಿ ಪರೀಕ್ಷಿಸುವುದು. ಬಿತ್ತನೆ ಬೀಜಕ್ಕೂ ಔಷಧಿಗೂ ಬೇಕಾದದ್ದು ಇದೇ ದಾರಿ. ಕೊಂಡು ಬಳಸಿದವರು ಕಂಡದ್ದನ್ನು ಕಂಡಂತೆ ನಾಲ್ಕು ಜನಕ್ಕೆ ಹೇಳಿದರೆ, ಮುಂದೆ ಕೊಳ್ಳುವವರಿಗೆ ಅವರೇ ಆಪ್ತರು.