ಅಬಾಧಾಕಾಲದ ಎಚ್ಚರ

ಕರ್ಮವು ಬಂಧವಾದ ಕ್ಷಣದಲ್ಲಿಯೇ ಫಲ ಕೊಡುವುದಿಲ್ಲವೆಂಬುದನ್ನು ಸ್ವಾಧ್ಯಾಯ ಮಾಡುವ ಶ್ರಾವಕರೆಲ್ಲರೂ ಬಲ್ಲರು. ಬಂಧಕ್ಕೂ ಉದಯಕ್ಕೂ ನಡುವೆ ಅಬಾಧಾಕಾಲವೆಂಬುದುಂಟು. ಆಗ ಕರ್ಮವು ಸತ್ತೆಯಲ್ಲಿರುತ್ತದೆ, ಆದರೆ ಬಾಧಿಸುವುದಿಲ್ಲ. ಬಾಧೆಯಿಲ್ಲವೆಂದೇ ಜೀವನು ಮೈಮರೆಯುತ್ತಾನೆ. ದೇಹದ ದೀರ್ಘರೋಗಗಳ ನಡೆಯೂ ಬಹುಮಟ್ಟಿಗೆ ಹೀಗೆಯೇ ಎಂಬುದನ್ನು ಕಳೆದ ಶತಮಾನದ ವೈದ್ಯಶೋಧನೆ ತೋರಿಸಿಕೊಟ್ಟಿತು.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅಂದು ಅವರ ರಕ್ತದೊತ್ತಡ 300/190ಕ್ಕೆ ಏರಿತ್ತು. ಆ ಏರಿಕೆ ಒಂದು ದಿನದ್ದಲ್ಲ, ಹಲವು ವರ್ಷಗಳದು. ವಯಸ್ಸಾದಂತೆ ಒತ್ತಡ ಹೆಚ್ಚುವುದು ಸಹಜವೆಂದೇ ಅಂದಿನ ಅನೇಕ ವೈದ್ಯರು ತಿಳಿದಿದ್ದರು. 1948ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ಹೊಸ ಬಗೆಯ ಅಧ್ಯಯನ ಆರಂಭವಾಯಿತು. ಆಸ್ಪತ್ರೆಯ ರೋಗಿಗಳನ್ನಲ್ಲ, ಊರಿನ ಸಾಮಾನ್ಯ ಸ್ತ್ರೀಪುರುಷರನ್ನೇ, 30ರಿಂದ 62 ವಯಸ್ಸಿನ 5,209 ಮಂದಿಯನ್ನು, ಆಯ್ದುಕೊಂಡು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಹೋದರು. ಯಾರಿಗೆ ಹೃದ್ರೋಗ ಬಂದೀತು, ಬರುವ ಮೊದಲು ಅವರ ದೇಹ ಹೇಗಿತ್ತು ಎಂಬುದೇ ಪ್ರಶ್ನೆ. 1961ರಲ್ಲಿ ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು ಉತ್ತರವನ್ನು ಪ್ರಕಟಿಸಿದರು: ಏರಿದ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲ್. ಎರಡೂ ನೋವು ಕೊಡುವಂಥವಲ್ಲ, ಅಳೆದಲ್ಲದೆ ತಿಳಿಯುವಂಥವಲ್ಲ.

ಸತ್ತೆಯಲ್ಲಿರುವ ಕರ್ಮಕ್ಕೆ ಅಪಕರ್ಷಣವುಂಟು, ನಿಕಾಚಿತಕ್ಕೆ ಮಾತ್ರ ಇಲ್ಲ. ರೋಗಕ್ಕೂ ಅಂಥ ಅವಕಾಶವುಂಟು. ಚೆನ್ನೈಯ ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಭಾರತೀಯರಿದ್ದರು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿ ರೋಗಿಗಳಾದರು. ಆಹಾರವನ್ನು ತಿದ್ದಿಕೊಂಡು ನಡಿಗೆ ರೂಢಿಸಿಕೊಂಡವರಲ್ಲಿ ಸುಮಾರು 39 ಮಂದಿ. (ಮತ್ತೂ 39 ಮಂದಿಗೆ ಬಂದಿತಲ್ಲ ಎನ್ನುವವರು ಉಳಿದುಕೊಂಡ ಹದಿನಾರು ಮನೆಗಳನ್ನು ನೆನೆಯಬೇಕು.)

ಬಂದ ರೋಗ ಅಸಾತಾ ವೇದನೀಯದ ಉದಯ, ಪರೀಕ್ಷೆ ಏತಕ್ಕೆ, ಔಷಧ ಏತಕ್ಕೆ ಎಂದು ಕೆಲವರು ವಾದಿಸುವುದುಂಟು. ಇದು ಶಾಸ್ತ್ರದ ಅರ್ಧ ಓದು. ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವಿಲ್ಲದೆ ಉದಯವನ್ನು ಹೇಳಿಲ್ಲ. ಔಷಧ ವ್ಯರ್ಥವಾಗಿದ್ದರೆ ಆಹಾರ, ಅಭಯ, ಶಾಸ್ತ್ರಗಳ ಸಾಲಿನಲ್ಲಿ ಭೈಷಜ್ಯದಾನವನ್ನು ಪೂರ್ವಾಚಾರ್ಯರು ಏಕೆ ಇಟ್ಟರು?

ಬಾಹ್ಯತಪಗಳು ಆರು. ಅನಶನವೊಂದನ್ನೇ ತಪವೆಂದೆಣಿಸಿ ಉಳಿದುವನ್ನು ಮರೆಯುವುದು ನಮ್ಮ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಹೊಟ್ಟೆ ತುಂಬುವ ಮೊದಲೇ ಕೈತೊಳೆಯುವ ಅವಮೌದರ್ಯವೂ ತಪವೇ. ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳನ್ನು ಬಿಡುವ ರಸಪರಿತ್ಯಾಗವೂ ತಪವೇ. ಉಪ್ಪು ಕಡಿಮೆಯಾದರೆ ಒತ್ತಡ ಇಳಿಯುವುದೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಅವರು ದೇಹಕ್ಕಾಗಿ ಹೇಳುವುದು, ಶ್ರಾವಕನು ಬಿಡುವುದು ರಸನೇಂದ್ರಿಯದ ಜಯಕ್ಕಾಗಿ. ಉದ್ದೇಶ ಬೇರೆಯಾದರೂ ತಟ್ಟೆ ಒಂದೇ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಇನ್ಸುಲಿನ್ ಚುಚ್ಚಿಕೊಳ್ಳುವ ಹಿರಿಯರು ದಶಲಕ್ಷಣ ಪರ್ವದಲ್ಲಿ ಮಕ್ಕಳಿಗೂ ತಿಳಿಸದೆ ನಿರ್ಜಲ ಉಪವಾಸ ಹಿಡಿಯುವುದುಂಟು. ಮದ್ದು ತೆಗೆದುಕೊಂಡು ಅನ್ನ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದು. ಮದ್ದನ್ನೂ ಬಿಟ್ಟರೆ ಸಕ್ಕರೆ ಮಿತಿಮೀರಿ ಅಪಾಯವಾಗುವುದು. ಎರಡರಲ್ಲಿಯೂ ಪ್ರಾಣಭಯವಿದೆ. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ ಶಕ್ತಿತಸ್ತಪವೆಂದೇ ಹೆಸರು. ಶಕ್ತಿಯನ್ನು ಅಡಗಿಸುವುದು ಹೇಗೆ ದೋಷವೋ, ಇಲ್ಲದ ಶಕ್ತಿಯನ್ನು ತೋರಲು ಹೋಗುವುದೂ ಹಾಗೆಯೇ. ಮುಚ್ಚಿಟ್ಟು ಮಾಡಿದ ಉಪವಾಸದಲ್ಲಿ ಮಾಯಾಕಷಾಯವೂ ಸೇರಿಕೊಳ್ಳುತ್ತದೆ. ಅಂಥವರು ಪರ್ವಕ್ಕೆ ಒಂದು ತಿಂಗಳು ಮೊದಲೇ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಂಡು, ವೈದ್ಯರನ್ನು ಕೇಳಿ, ಅನಂತರ ಗುರುಗಳ ಸನ್ನಿಧಿಯಲ್ಲಿ ವ್ರತದ ಪ್ರಮಾಣವನ್ನು ನಿಶ್ಚಯಿಸಲಿ. ಏಕಾಶನಕ್ಕೂ ಈ ಸಲಹೆ ಬೇಕು. ಅನುಮತಿ ಸಿಗದವರಿಗೆ ರಸಪರಿತ್ಯಾಗವೂ ಸ್ವಾಧ್ಯಾಯವೂ ತೆರೆದೇ ಇವೆ.